ಎಂಜಿನಿಯರ್‌ಗಳಿಗೆ ನೀತಿ ಕಲಿಸಿದ ಫಿಲಾಸಫಿ ಮೇಡಂ

ಇವತ್ತು ನಾನು ಮಾತಾಡ್ತಿರೋದು ಅಮೆರಿಕದ ಕ್ಯಾರೊಲಿನ್ ವಿಟ್‌ಬೆಕ್ ಬಗ್ಗೆ. ಓದಿದ್ದು ಫಿಲಾಸಫಿ, ಹೆಸರಾಗಿದ್ದು ಎಂಜಿನಿಯರಿಂಗ್ ಹುಡುಗರಿಗೆ ನೀತಿ ಕಲಿಸಿ.

ಎಥಿಕ್ಸ್ ಅಂದ್ರೆ ನಮ್ಮಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆಯೋ ಪೇಪರ್, ಅಲ್ವಾ? ಈ ಮೇಡಂ ಹೇಳಿದ್ದೇ ಬೇರೆ. ನೈತಿಕ ಸಮಸ್ಯೆ ಡಿಸೈನ್ ಸಮಸ್ಯೆ ಇದ್ದ ಹಾಗೆ. ಸರಿ ಉತ್ತರ ಒಂದೇ ಇರಲ್ಲ. ಆದ್ರೆ ಕೆಲವು ಉತ್ತರ ಖಂಡಿತ ತಪ್ಪು. ಮಾಹಿತಿ ಅರ್ಧಂಬರ್ಧ, ಟೈಮ್ ಕಮ್ಮಿ, ಆದ್ರೂ ಏನಾದ್ರೂ ಮಾಡ್ಲೇಬೇಕು.

1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಆಕಾಶದಲ್ಲೇ ಛಿದ್ರವಾಗಿ, ಅದರಲ್ಲಿದ್ದ 7 ಜನರೂ ಸತ್ತರು. ಚಳಿಗೆ ರಾಕೆಟ್‌ನ ರಬ್ಬರ್ ಸೀಲ್ ಕೈಕೊಡಬಹುದು ಅಂತ ಎಂಜಿನಿಯರ್ ರೋಜರ್ ಬೋಜೊಲೆ ಹಿಂದಿನ ರಾತ್ರಿ ವಾದ ಮಾಡಿದ್ದರು. ಹಿಂದಿನ ವರ್ಷವೇ ಮೆಮೊ ಬರೆದಿದ್ದರು.

ತಪ್ಪು ಯಾರದ್ದು ಅಂತ ತೀರ್ಪು ಕೊಡೋದು ನಮಗೆ ಸಲೀಸು. ವಿಟ್‌ಬೆಕ್ ಅವರ ದಾರಿಯಲ್ಲಿ ಪ್ರಶ್ನೆ ತಿರುಗಿ ನಮ್ಮ ಕಡೆಗೇ ಬರುತ್ತೆ: ಆ ಕುರ್ಚಿಯಲ್ಲಿ ನೀನಿದ್ದಿದ್ರೆ? ಯಾವ ಡೇಟಾ ಇಟ್ಕೊಂಡು, ಯಾರಿಗೆ, ಯಾವಾಗ ಹೇಳ್ತಿದ್ದೆ?

ಇಂಟರ್ನೆಟ್ ಇನ್ನೂ ಅಂಬೆಗಾಲಿಡ್ತಿದ್ದ 1995ರಲ್ಲಿ ಅವರು ಆನ್‌ಲೈನ್ ಎಥಿಕ್ಸ್ ಸೆಂಟರ್ ಶುರು ಮಾಡಿದರು. ಬೋಜೊಲೆ ತಾವೇ ಹೇಳಿದ ಕಥೆಯನ್ನೂ ಅಲ್ಲಿಗೆ ತಂದರು. ಕೋಡ್ ಬರೆಯೋರು, ಸೇತುವೆ ಕಟ್ಟೋರು, ಒಮ್ಮೆ ಹುಡುಕಿ ನೋಡಿ. ಫ್ರೀ ಇದೆ.