ಕಾನೂನನ್ನು ಕೇಳಿ ಪಡೆದ ಜನ

(ಉಪನ್ಯಾಸದ ಬರಹರೂಪ)



1983ರಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದರು. ಅಂದು ಆಪತ್ತು ಕಣ್ಣೆದುರಿಗಿತ್ತು. ಮರವೂ ಇತ್ತು, ಕೊಡಲಿ ಹಿಡಿದವನೂ ಇದ್ದ. ಹವಾಮಾನ ಬದಲಾವಣೆಯ ಆಪತ್ತು ಅಂಥದಲ್ಲ. ಎಲ್ಲೋ ಉರಿದ ಕಲ್ಲಿದ್ದಲಿನ ಹೊಗೆ ಇನ್ನೆಲ್ಲೋ ಮಳೆಯ ಲಯವನ್ನು ಕೆಡಿಸುತ್ತದೆ. ಗಾಳಿಯನ್ನು ಅಪ್ಪಿಕೊಂಡು ಕಾಯಲು ಬಾರದು. ಹಾಗಾದರೆ ಜನಸಾಮಾನ್ಯರು ಏನನ್ನು ಹಿಡಿದು ನಿಲ್ಲಬೇಕು? ಬ್ರಿಟನ್ನಿನ ಜನ ಕಂಡುಕೊಂಡ ಉತ್ತರ: ಕಾನೂನು. ಅದನ್ನು ಅವರು ಪಡೆದ ಬಗೆಯೇ ಇಂದಿನ ವಿಷಯ.

1990ರ ಮಟ್ಟಕ್ಕಿಂತ ಇಂಗಾಲದ ಡೈಆಕ್ಸೈಡನ್ನು 2010ರೊಳಗೆ ಶೇ. 20ರಷ್ಟು ಇಳಿಸುವುದಾಗಿ ಅಲ್ಲಿನ ಲೇಬರ್ ಪಕ್ಷ 1997ರ ಚುನಾವಣೆಯಲ್ಲೇ ಮಾತು ಕೊಟ್ಟಿತ್ತು. ಆದರೆ ಆ ಮಾತಿಗೆ ಕಾನೂನಿನ ಬಲವಿರಲಿಲ್ಲ. ಮಾತು ತಪ್ಪಿದರೆ ಕೇಳುವವರಿರಲಿಲ್ಲ. ಈ ಕೊರತೆಯನ್ನು ಗುರುತಿಸಿದ 'ಫ್ರೆಂಡ್ಸ್ ಆಫ್ ದಿ ಅರ್ಥ್' ಸಂಘಟನೆ 2005ರಲ್ಲಿ 'ದಿ ಬಿಗ್ ಆಸ್ಕ್', ಅಂದರೆ 'ದೊಡ್ಡ ಕೇಳಿಕೆ' ಎಂಬ ಅಭಿಯಾನವನ್ನು ಆರಂಭಿಸಿತು. ಕೇಳಿಕೆ ಒಂದೇ: ಹೊರಸೂಸುವ ಇಂಗಾಲವನ್ನು ವರ್ಷವರ್ಷವೂ ಇಳಿಸಲು ಸರ್ಕಾರವನ್ನು ಕಟ್ಟಿಹಾಕುವ ಕಾಯಿದೆ ಬೇಕು.

ಸಂಘಟನೆ ಬರಿಯ ಘೋಷಣೆ ಕೂಗಲಿಲ್ಲ. ಮಸೂದೆಯ ಕರಡನ್ನೇ ಸಿದ್ಧಪಡಿಸಿತು. ಲೇಬರ್ ಪಕ್ಷದ ಮೈಕೆಲ್ ಮೀಚರ್, ಕನ್ಸರ್ವೇಟಿವ್ ಪಕ್ಷದ ಜಾನ್ ಗಮ್ಮರ್, ಲಿಬರಲ್ ಡೆಮೊಕ್ರಾಟ್ ಪಕ್ಷದ ನಾರ್ಮನ್ ಬೇಕರ್ ಅದರ ಬೆನ್ನಿಗೆ ನಿಂತರು. ಹೀಗಾಗಿ ಅದು ಯಾವುದೇ ಒಂದು ಪಕ್ಷದ ಸೊತ್ತಾಗಲಿಲ್ಲ.

ನಿಜವಾದ ದುಡಿಮೆ ನಡೆದದ್ದು ಊರೂರುಗಳಲ್ಲಿ. ಜನ ತಮ್ಮ ಕ್ಷೇತ್ರದ ಸಂಸದರಿಗೆ ಅಂಚೆ ಕಾರ್ಡು ಬರೆದರು, ಅವರನ್ನು ಕಂಡು ಮಾತನಾಡಿದರು. ಸುಮಾರು ಎರಡು ಲಕ್ಷ ಜನ ಹೀಗೆ ತಮ್ಮ ಪ್ರತಿನಿಧಿಗಳನ್ನು ಸಂಪರ್ಕಿಸಿದರು. ಕೇಳಿದ್ದು ಸಣ್ಣ ಕೆಲಸ: ಇಂಥ ಕಾಯಿದೆ ಬೇಕೆಂಬ ಠರಾವಿಗೆ ಒಂದು ಸಹಿ. ಆ ಠರಾವು ಸರ್ಕಾರವನ್ನು ಕಟ್ಟಿಹಾಕುವಂಥದಲ್ಲ. ಆದರೆ ಯಾರು ಸಹಿ ಹಾಕಿದರು, ಯಾರು ಹಾಕಲಿಲ್ಲ ಎಂಬುದು ಬಯಲಾಗುತ್ತದೆ. ಮತದಾರ ಅದನ್ನು ಎಣಿಸಬಲ್ಲ. 646 ಸದಸ್ಯರ ಸದನದಲ್ಲಿ 412 ಮಂದಿ ಸಹಿ ಹಾಕಿದರು. 2006ರ ನವೆಂಬರ್‌ನಲ್ಲಿ ಸರ್ಕಾರ ಮಸೂದೆ ತರುವುದಾಗಿ ಪ್ರಕಟಿಸಿತು. ಮೊದಲ ಕರಡನ್ನು ಬರೆದವರಲ್ಲಿ ಪ್ರಮುಖರಾದ ಕಾರ್ಯಕರ್ತೆ ಬ್ರಯೋನಿ ವರ್ತಿಂಗ್ಟನ್ ಅವರನ್ನು ಸರ್ಕಾರವೇ ಕರೆದು ಮಸೂದೆಯ ಕೆಲಸಕ್ಕೆ ಸೇರಿಸಿಕೊಂಡಿತು.

ಕೇಳಿದ್ದೆಲ್ಲವೂ ದೊರೆಯಲಿಲ್ಲ. ವರ್ಷಕ್ಕೊಂದು ಗುರಿಯ ಬದಲು ಐದು ವರ್ಷಕ್ಕೊಂದು 'ಇಂಗಾಲದ ಬಜೆಟ್' ಬಂತು. ಆದರೆ 2050ರ ವೇಳೆಗೆ ಶೇ. 60ರಷ್ಟು ಇಳಿಕೆ ಎಂದಿದ್ದ ಗುರಿ, ಮಸೂದೆ ಮುಗಿಯುವ ಹೊತ್ತಿಗೆ ಶೇ. 80ಕ್ಕೆ ಏರಿತು. ವಿರುದ್ಧ ಮತ ಹಾಕಿದವರು ಬೆರಳೆಣಿಕೆಯಷ್ಟು ಮಂದಿ. 2008ರ ನವೆಂಬರ್ 26ರಂದು ಅದು ಕಾಯಿದೆಯಾಯಿತು. 2019ರಲ್ಲಿ ಗುರಿಯನ್ನು ನಿವ್ವಳ ಶೂನ್ಯಕ್ಕೆ ಬಿಗಿಗೊಳಿಸಲಾಯಿತು; ಅಂದರೆ ಹೊರಬಿಟ್ಟಷ್ಟನ್ನು ಹಿಂದಕ್ಕೆ ಹೀರಿಕೊಳ್ಳಲೇಬೇಕು.

ಈ ಕಾಯಿದೆಯ ಹುರುಳು ಮೂರು ಸಂಗತಿಗಳಲ್ಲಿದೆ. ಗುರಿ ಅಂಕಿಯಲ್ಲಿದೆ, ಅಳೆಯುವ ಸ್ವತಂತ್ರ ಸಮಿತಿಯೊಂದು ಪ್ರತಿವರ್ಷ ಸಂಸತ್ತಿಗೆ ವರದಿ ಒಪ್ಪಿಸುತ್ತದೆ, ತಪ್ಪಿದರೆ ನ್ಯಾಯಾಲಯದ ಬಾಗಿಲು ತೆರೆದಿದೆ. 2022ರಲ್ಲಿ ಲಂಡನ್ನಿನ ಹೈಕೋರ್ಟು, ಗುರಿ ಮುಟ್ಟುವ ದಾರಿಯನ್ನು ಸರ್ಕಾರದ ಯೋಜನೆ ಸರಿಯಾಗಿ ವಿವರಿಸಿಲ್ಲವೆಂದು ಹೇಳಿ ಹೊಸದನ್ನು ಬರೆಯಿಸಿತು. 2024ರಲ್ಲಿ ಆ ಹೊಸ ಯೋಜನೆಯೂ ಕಾನೂನುಬಾಹಿರವೆನಿಸಿತು. ಮೊಕದ್ದಮೆ ಹೂಡಿದವರಲ್ಲಿ ಆ ಹಳೆಯ ಸಂಘಟನೆಯೂ ಇತ್ತು.

ಬ್ರಿಟನ್ನಿನ ಹೊರಸೂಸುವಿಕೆ ಇಂದು 1990ರ ಅರ್ಧಕ್ಕೆ ಇಳಿದಿದೆ. ಅದೆಲ್ಲವೂ ಕಾಯಿದೆಯ ಫಲವಲ್ಲ. ಕಲ್ಲಿದ್ದಲಿನಿಂದ ಅನಿಲಕ್ಕೆ ಹೊರಳುವ ಕೆಲಸ ಮೊದಲೇ ನಡೆದಿತ್ತು. ಹೊರದೇಶಗಳಲ್ಲಿ ತಯಾರಾಗಿ ಬರುವ ಸರಕಿನ ಹೊಗೆಯೂ ಈ ಲೆಕ್ಕಕ್ಕೆ ಸೇರದು. ಕಾಯಿದೆ ಶಾಶ್ವತವೂ ಅಲ್ಲ. ಅಧಿಕಾರಕ್ಕೆ ಬಂದರೆ ಅದನ್ನು ರದ್ದುಗೊಳಿಸುವುದಾಗಿ, ಒಮ್ಮೆ ಬೆಂಬಲಿಸಿದ್ದ ಕನ್ಸರ್ವೇಟಿವ್ ಪಕ್ಷವೇ 2025ರ ಅಕ್ಟೋಬರ್‌ನಲ್ಲಿ ಸಾರಿತು. ನೆಟ್ಟ ಸಸಿಗೆ ಬೇಲಿ ಬೇಕಾದಂತೆ ಪಡೆದ ಕಾನೂನಿಗೂ ಕಾವಲು ಬೇಕು.

ಭಾರತದಲ್ಲಿ ಹವಾಮಾನಕ್ಕೆಂದೇ ಇಂಥ ಸಮಗ್ರ ಕಾಯಿದೆ ಇಲ್ಲ. 2024ರ ಮಾರ್ಚ್ 21ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಈ ಕೊರತೆಯನ್ನು ಗುರುತಿಸಿ, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತವಾಗಿರುವುದು ಸಂವಿಧಾನದ 14 ಮತ್ತು 21ನೆಯ ವಿಧಿಗಳಿಂದ ಒದಗುವ ಹಕ್ಕೆಂದು ಒಪ್ಪಿತು. ಹಕ್ಕು ನ್ಯಾಯಾಲಯದ ಬಾಯಿಂದ ಬಂದಿದೆ. ಅದನ್ನು ಕಾಯುವ ಕಾಯಿದೆ ಸಂಸತ್ತಿನಿಂದಲೇ ಬರಬೇಕು. ಅಲ್ಲಿ ಕುಳಿತವರನ್ನು ಆರಿಸಿ ಕಳಿಸುವವರು ಮಾತ್ರ ಇಲ್ಲಿದ್ದಾರೆ, ಪ್ರತಿ ಊರಿನಲ್ಲಿ. ಕೇಳಿಕೆ ಒಂದೇ ಆಗಿರಲಿ, ಬರಹದಲ್ಲಿರಲಿ, ಉತ್ತರವನ್ನು ಎಣಿಸುವಂತಿರಲಿ.