ಲಕ್ವ: ಪಕ್ಕದಲ್ಲಿ ಕೂತವರಿಗೆ ಕಲಿಸಬೇಕಾದ ಪಾಠ



ಹರಿಹರದಿಂದ ದಾವಣಗೆರೆಗೆ ಸುಮಾರು 14 ಕಿಲೋಮೀಟರ್. ಹೆದ್ದಾರಿ ಇದೆ, ರೈಲಿದೆ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ಜೆ.ಜೆ.ಎಂ. ವೈದ್ಯಕೀಯ ಕಾಲೇಜು 1965ರಿಂದ ಡಾಕ್ಟರುಗಳನ್ನು ತಯಾರು ಮಾಡುತ್ತಿದೆ. ಇಷ್ಟಿದ್ದೂ ಲಕ್ವ ಹೊಡೆದ ಎಷ್ಟೋ ಮಂದಿ ಮರುದಿನ ಬರುತ್ತಾರೆ. ಹೊತ್ತು ಹೋಗುವುದು ಪಡಸಾಲೆಯಲ್ಲೇ. “ಗಾಳಿ ಬಡಿದೈತಿ, ಎಣ್ಣಿ ತಿಕ್ರಿ.” “ದೊಡ್ಡ ಮಗ ಬರ್ಲಿ ತಡೀರಿ.” ಆಮೇಲೆ ಯಾವುದೋ ಊರಿನ ನಾಟಿ ಔಷಧಿಯ ಮಾತು.

ಅಷ್ಟರಲ್ಲಿ ಒಳಗೆ ಏನಾಗುತ್ತಿರುತ್ತದೆ? ಮಿದುಳಿನ ದೊಡ್ಡ ರಕ್ತನಾಳವೊಂದು ಕಟ್ಟಿಕೊಂಡರೆ ನಿಮಿಷಕ್ಕೆ ಹತ್ತೊಂಬತ್ತು ಲಕ್ಷದಷ್ಟು ನರಕೋಶಗಳು ಸಾಯುತ್ತವೆ ಎಂದು 2006ರಲ್ಲಿ ಒಂದು ಲೆಕ್ಕ ಹಾಕಿದರು. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಲೇಬೇಕು. ನಾಳ ಕಟ್ಟಿದೆಯೋ ಒಡೆದಿದೆಯೋ ಎಂದು ಹೊರಗಿನಿಂದ ನೋಡಿ ಹೇಳಲು ಯಾರಿಗೂ ಆಗದು. ಒಡೆದಿದ್ದರೆ ರಕ್ತ ತೆಳುವಾಗಿಸುವ ಮಾತ್ರೆ ಕೇಡು ಮಾಡುತ್ತದೆ. ಮನೆಯಲ್ಲಿ ಆಸ್ಪಿರಿನ್ ನುಂಗಿಸಬೇಡಿ ಎನ್ನುವುದು ಅದಕ್ಕೇ. ನೀರನ್ನೂ ಕುಡಿಸಬೇಡಿ, ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಯಾರಿಗೆ ಬರುತ್ತದೆ ಎಂಬುದು ಗುಟ್ಟೇನಲ್ಲ. ಬಿ.ಪಿ., ಶುಗರ್, ಬೀಡಿ, ಗುಟ್ಕಾ, ಕುಡಿತ, ಲಯ ತಪ್ಪಿದ ಹೃದಯ, ಹಿಂದೊಮ್ಮೆ ಬಂದುಹೋದ ಲಕ್ವ. ಎಲ್ಲಕ್ಕಿಂತ ಮುಂದಿರುವುದು ಬಿ.ಪಿ. ಅದು ನೋಯುವುದಿಲ್ಲ, ತೊಂದರೆಯೆಲ್ಲ ಅಲ್ಲೇ. ಮಾತ್ರೆ ನುಂಗಿ ಅಳತೆ ಸರಿ ಬಂದ ಕೂಡಲೇ “ಈಗ ನಾರ್ಮಲ್ ಐತಲ್ಲ” ಎಂದು ಮಾತ್ರೆ ಬಿಡುತ್ತಾರೆ. ನಾರ್ಮಲ್ ಇದ್ದದ್ದು ಮಾತ್ರೆಯಿಂದ. ಉಪ್ಪಿನ ವಿಷಯ ಮಂಡಕ್ಕಿ ಮಿರ್ಚಿಯ ಊರಿನಲ್ಲಿ ಹೇಳುವುದು ಕಷ್ಟ. ಆದರೂ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಒಬ್ಬರಿಗೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ.

ನಮ್ಮ ನಾಡಿನ ನರ್ಸಿಂಗ್ ಕಾಲೇಜುಗಳಲ್ಲಿ ಇಂಥ ಅಪಾಯವಿರುವ ರೋಗಿಗಳಿಗೆ ಪಾಠ ಹೇಳಿ, ಮೊದಲೂ ಆಮೇಲೂ ಪ್ರಶ್ನೆ ಕೇಳಿ ಅಂಕ ಕೊಡುವ ಪ್ರಬಂಧಗಳು ಬರುತ್ತಲೇ ಇವೆ. ಒಳ್ಳೆಯ ಕೆಲಸ. ಆದರೆ ಪಾಠ ಕೇಳಿದ ವಾರಕ್ಕೆ ಅಂಕ ಏರುವುದು ಸಹಜ. ಆರು ತಿಂಗಳ ನಂತರ ಅವರ ಬಿ.ಪಿ. ಎಷ್ಟಿದೆ ಎಂದು ಅಳೆದರೆ ಪಾಠದ ಬೆಲೆ ತಿಳಿಯುತ್ತದೆ. ಇನ್ನೊಂದು ಮಾತು: ಲಕ್ವ ಹೊಡೆದವನ ಮಾತೇ ನಿಂತಿರಬಹುದು, ತನಗೇನಾಗಿದೆ ಎಂಬ ಅರಿವೂ ಇರಲಿಕ್ಕಿಲ್ಲ. ಆದ್ದರಿಂದ ರೋಗಿಗೆ ಕಲಿಸಿದ್ದನ್ನು ಹೆಂಡತಿಗೆ, ಸೊಸೆಗೆ, ಅಂಗಡಿಯ ಹುಡುಗನಿಗೆ ಕಲಿಸದಿದ್ದರೆ ಅರ್ಧ ಪಾಠ ಉಳಿದಂತೆಯೇ.

ಅವರು ನೋಡಬೇಕಾದದ್ದು ಇಷ್ಟು. ನಗಲು ಹೇಳಿದರೆ ಬಾಯಿ ಒಂದು ಕಡೆ ಸೊಟ್ಟಗಾಗುತ್ತದೆಯೆ? ಎರಡೂ ಕೈ ಎತ್ತಿಸಿದರೆ ಒಂದು ಜಾರುತ್ತದೆಯೆ? ಮಾತು ತೊದಲುತ್ತದೆಯೆ? ಇದ್ದಕ್ಕಿದ್ದಂತೆ ಕಣ್ಣು ಮಂಜಾಯಿತೆ, ಸಮತೋಲ ತಪ್ಪಿತೆ? ಒಂದಿದ್ದರೂ ಸಾಕು, 108ಕ್ಕೆ ಫೋನ್ ಮಾಡಿ. ಕೊನೆಯ ಸಲ ಸರಿಯಾಗಿ ಇದ್ದದ್ದು ಎಷ್ಟು ಗಂಟೆಗೆ ಎಂದು ಡಾಕ್ಟರಿಗೆ ಹೇಳಿ. ಚಿಕಿತ್ಸೆಯ ಗಡಿಯಾರ ಅಲ್ಲಿಂದ ಓಡುತ್ತದೆ.

ಹತ್ತು ನಿಮಿಷದಲ್ಲಿ ಎಲ್ಲ ಸರಿಹೋದರೆ? ಆಗಲೂ ಹೋಗಬೇಕು, ಅಂದೇ ಹೋಗಬೇಕು. ಹಾಗೆ ಬಂದುಹೋದ ಸಣ್ಣ ಲಕ್ವದ ಹಿಂದೆ ದೊಡ್ಡದು ಬರುವ ಅಪಾಯ ಮೊದಲ ಎರಡು ದಿನಗಳಲ್ಲೇ ಹೆಚ್ಚು. “ದೇವರು ಕಾಪಾಡಿದ” ಎಂದು ಮನೆಯಲ್ಲಿ ಉಳಿಯುವುದು ಎಣ್ಣೆ ತಿಕ್ಕುವುದಕ್ಕಿಂತ ದೊಡ್ಡ ತಪ್ಪೆಂದು ನನ್ನ ಅಭಿಪ್ರಾಯ.

ಇವತ್ತು ಮನೆಗೆ ಹೋದ ಮೇಲೆ ಹಿರಿಯರ ಬಿ.ಪಿ. ಮಾತ್ರೆಯ ಪಟ್ಟಿ ತೆಗೆದು ಎಣಿಸಿ. ಹೆಚ್ಚು ಉಳಿದಿದ್ದರೆ ಯಾಕೆಂದು ಕೇಳಿ.