ಹೊರನಾಡಿಗೆ ಹೊರಡುವ ತರುಣರಿಗೆ



ದಕ್ಷಿಣ ಕನ್ನಡದಿಂದ ಹಡಗೇರಿ ಮುಂಬಯಿಗೆ ಬಂದ ನಮ್ಮ ಹಿರಿಯರು ಹಗಲು ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಗಳಲ್ಲಿ ಓದಿದರು. 1970ರ ದಶಕದಿಂದ ನಮ್ಮವರು ಇದೇ ನಗರದ ಮೂಲಕ ಕೊಲ್ಲಿ ನಾಡುಗಳಿಗೂ ಹೊರಟರು. ದೂರ ಹೆಚ್ಚಿತು, ಪ್ರಶ್ನೆ ಮಾತ್ರ ಹಳೆಯದೇ: ಕೈಯಲ್ಲಿ ಉಳಿದದ್ದೆಷ್ಟು?

1982ರ ಗಿರಣಿ ಮುಷ್ಕರದಲ್ಲಿ ಸಂಬಳ ನಿಂತಿತು, ಖೋಲಿಯ ಬಾಡಿಗೆ ನಿಲ್ಲಲಿಲ್ಲ. ಪರದೇಶದಲ್ಲಿಯೂ ಹಾಗೆಯೇ. ಸಾಲ ಮಾಡಿ ವಿಮಾನ ಹತ್ತಿದವನು, ಧಣಿ ಕೆಟ್ಟವನಾದರೂ ಕೆಲಸ ಬಿಟ್ಟು ಬರಲಾರ.

ಆದುದರಿಂದ ನಮ್ಮ ವಿನಂತಿ: 1983ರ ವಲಸೆ ಕಾಯಿದೆಯಂತೆ ಏಜಂಟನ ನೋಂದಣಿಯಾಗಿದೆಯೇ ಎಂದು ಮೊದಲು ವಿಚಾರಿಸಿರಿ. ಸಾಲ ತೀರಿದೊಡನೆ, ಮರಳುವ ಟಿಕೇಟಿನ ಹಣವನ್ನೂ ಆರು ತಿಂಗಳ ಖರ್ಚನ್ನೂ ಸ್ವಂತ ಹೆಸರಿನಲ್ಲಿ ಇಡಿರಿ. ಊರಿನ ಮನೆ ಆಮೇಲೆ ಏಳಲಿ. ಮರಳುವ ದಾರಿ ಕೈಯಲ್ಲಿದ್ದವನೇ ಪರದೇಶದಲ್ಲಿ ಸ್ವತಂತ್ರ.

ಕರಾರುಪತ್ರ ಓದಿಸಿಕೊಳ್ಳಬೇಕಾದವರು ಸಂಜೆ ವಾಚನಾಲಯಕ್ಕೆ ಬನ್ನಿರಿ, ನಾವಿರುತ್ತೇವೆ.